ಹೊಳೆದಂಡೆ ನಡಿಗೆ: ಶ್ರೀರಂಗಪಟ್ಟಣದಿಂದ ಗಂಜಾಂ ಮೇಲೆ ಸಂಗಮಕ್ಕೆ

ಭಾನುವಾರದ ಬಳಗ
ಮೈಸೂರಿನಿಂದ ಹತ್ತು ಜನ ಹೊರಡುತ್ತಿದ್ದೇವೆ. ಅರವತ್ತು ದಾಟಿದವರು ಮೂವರು, ಎಂಟು-ಹತ್ತು ವರ್ಷದ ಮಕ್ಕಳು ಇಬ್ಬರು. ಬೆಟ್ಟ ಬೇಡ, ಕಾಡು ಬೇಡ. ಕಾವೇರಿ ಹೊಳೆ ಪಕ್ಕದಲ್ಲಿ ಒಂದೂರಿಂದ ಇನ್ನೊಂದೂರಿಗೆ, ಅರ್ಧ ದಿನದಲ್ಲಿ ಮುಗಿಯುವ ಸಮತಟ್ಟು ದಾರಿ ಸಾಕು. ಪಟ್ಟಣದ ಕೋಟೆಯಿಂದ ಗಂಜಾಂ, ಅಲ್ಲಿಂದ ಸಂಗಮ ಅಂತ ಲೆಕ್ಕ ಹಾಕಿದ್ದೇವೆ. ಉದ್ದಕ್ಕೂ ದಂಡೆಯಲ್ಲೇ ಹೋಗಬಹುದಾ? ಯಾವ ತಿಂಗಳು ಒಳ್ಳೆಯದು? ಎಲ್ಲೆಲ್ಲಿ ಜೋಪಾನ?

ಕೋಟೆಬಾಗಿಲು
ಮೊದಲನೇ ಪ್ರಶ್ನೆಗೆ ಉತ್ತರ: ಇಲ್ಲ, ಉದ್ದಕ್ಕೂ ಆಗಲ್ಲ. ನಕ್ಷೆ ನೋಡಿದರೆ, ಪಟ್ಟಣವನ್ನ ಸುತ್ತೋ ಎರಡು ಕವಲಿನಲ್ಲಿ ಉತ್ತರದ ಕವಲಿಗೆ ಅಂಟಿಕೊಂಡೇ ಹೋಗಬಹುದು ಅನ್ನಿಸುತ್ತೆ. ನೆಲದ ಮೇಲೆ ತೋಟದ ಬೇಲಿ, ಕಬ್ಬಿನ ಗದ್ದೆ, ಜೊಂಡು ಅಡ್ಡ ಬರುತ್ತವೆ. ಹೊಳೆಗೆ ಇಳಿಯೋದು, ನೋಡೋದು, ಮತ್ತೆ ರಸ್ತೆಗೆ ಹತ್ತೋದು, ಹೀಗೆ ನಾಲ್ಕೈದು ಸಲ ಮಾಡೋ ದಾರಿ ಇದು.

ರೈಲ್ವೆ ಸ್ಟೇಷನ್ನಿಂದ ಶುರು ಮಾಡಿ. ಸ್ಟೇಷನ್ ಕೋಟೆಯ ಒಳಗೇ ಇರೋದರಿಂದ ಇಳಿದ ಐದು-ಹತ್ತು ನಿಮಿಷಕ್ಕೆ ರಂಗನಾಥನ ಗುಡಿ ಮುಂದೆ ಇರ್ತೀರಿ. ಅಲ್ಲಿಂದ ಉತ್ತರಕ್ಕೆ, ಕರ್ನಲ್ ಬೈಲಿ ಸೆರೆಮನೆ ಮತ್ತು ಜಲದ್ವಾರದ ಕಡೆಗೆ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದ ಕಲ್ಲೂ ಆ ಸುತ್ತಿನಲ್ಲೇ. ಜಲದ್ವಾರದ ಹತ್ತಿರ ನಿಂತರೆ ಹೊಳೆ ಮೊದಲ ಸಲ ಕಣ್ಣಿಗೆ ಬೀಳುತ್ತೆ. ಸ್ನಾನಘಟ್ಟದ ಮೆಟ್ಟಿಲು ನೋಡಿಕೊಂಡು ಪೂರ್ವಕ್ಕೆ ತಿರುಗಿ.

ಕೋಟೆಯಿಂದ ಹೊರಬಿದ್ದು ಹಳೆ ಬೆಂಗಳೂರು-ಮೈಸೂರು ರಸ್ತೆ ದಾಟಬೇಕು. ಇಡೀ ನಡಿಗೆಯಲ್ಲಿ ವಾಹನದ ಭಯ ಇರೋದು ಇಲ್ಲೇ. ಹತ್ತು ಜನ ಸಾಲಾಗಿ ದಾಟಬೇಡಿ, ಒಂದೇ ಗುಂಪಾಗಿ ದಾಟಿ. ಎಡಕ್ಕೆ ವೆಲ್ಲೆಸ್ಲಿ ಸೇತುವೆ, 1804ರದ್ದು, ದಿವಾನ್ ಪೂರ್ಣಯ್ಯನವರ ಕಾಲದ ಕಲ್ಲುಗಂಬದ ಕೆಲಸ. ಅದನ್ನ ದಾಟೋದು ಬೇಡ, ಪಕ್ಕದಿಂದ ನೋಡಿ. ಮುಂದೆ ಗಂಜಾಂ ರಸ್ತೆ ಹಿಡಿದರೆ ಸುಮಾರು ಒಂದು ಕಿಲೋಮೀಟರಿಗೆ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. ಆಮೇಲೆ ಗಂಜಾಂ ಊರು, ಎಡಕ್ಕೆ ತಿರುಗಿದರೆ ಹೊಳೆ ಮೇಲೆ ನಿಮಿಷಾಂಬ ಗುಡಿ. ವಾಪಸ್ ದೊಡ್ಡ ರಸ್ತೆಗೆ ಬಂದು ಗುಂಬಜ್ (ಹೈದರ್-ಟಿಪ್ಪು ಸಮಾಧಿ) ದಾಟಿದರೆ ಕೊನೆಗೆ ಸಂಗಮ.

ಬಸ್ ಸ್ಟ್ಯಾಂಡಿನಿಂದ ನೇರ ರಸ್ತೆಯಲ್ಲಿ ಮೂರೂವರೆ ಕಿಲೋಮೀಟರ್ ಆಸುಪಾಸು. ಕೋಟೆ ಸುತ್ತು, ನಿಮಿಷಾಂಬ ತಿರುವು ಎಲ್ಲ ಸೇರಿದರೆ ಆರು ಅಂತ ಇಟ್ಟುಕೊಳ್ಳಿ. ಮಕ್ಕಳ ಜೊತೆ ಗಂಟೆಗೆ ಮೂರು ಕಿಲೋಮೀಟರ್ ನಡಿಗೆ. ಅಂದರೆ ಎರಡು ಗಂಟೆ ಕಾಲಿಗೆ, ಒಂದೂವರೆ ಗಂಟೆ ಕಣ್ಣಿಗೆ.

ಕಬ್ಬಿನಜಲ್ಲೆ
ಏರು ಅಂತ ಇರೋದು ಕೋಟೆ ಏರಿ ಒಂದೇಯ. ಮಂಡಿ ನೋವಿನವರೂ ಬರಬಹುದು. ಆದರೆ ನಿಮಿಷಾಂಬದಲ್ಲೂ ಸಂಗಮದಲ್ಲೂ ನೀರಿಗೆ ಇಳಿಯೋ ಮೆಟ್ಟಿಲಿಗೆ ಕೈ ಹಿಡಿದುಕೊಳ್ಳೋಕೆ ಯಾರಾದರೂ ಬೇಕು.

ನೀರುಗಂಟಿ
ದಾರಿ ವಿಚಾರ ಕೋಟೆಬಾಗಿಲು ಅವರು ಸರಿಯಾಗೇ ಹೇಳಿದ್ದಾರೆ. ಈ ನಡಿಗೆ ಸುಲಭವೋ ಕಷ್ಟವೋ ಅನ್ನೋದು ಕಿಲೋಮೀಟರಿನಲ್ಲಿಲ್ಲ, ನೀರಿನಲ್ಲಿದೆ. ಅದೇ ದಾರಿ ಜನವರಿಯಲ್ಲಿ ಅಜ್ಜಿಯೂ ನಡೆಯೋ ದಾರಿ, ಆಗಸ್ಟಿನಲ್ಲಿ ಪೊಲೀಸರು ಹಗ್ಗ ಕಟ್ಟಿ ನಿಲ್ಲಿಸೋ ದಾರಿ.

ಪಟ್ಟಣ ದ್ವೀಪ. ಮೇಲೆ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್), ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಸುಮಾರು. ಇಲ್ಲಿ ಮಳೆ ಒಂದು ಹನಿ ಬೀಳದಿದ್ದರೂ ಕೊಡಗಿನಲ್ಲಿ ಸುರಿದರೆ ಇಲ್ಲಿ ಹೊಳೆ ಏರುತ್ತೆ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಮಟ್ಟ 120 ದಾಟಿ ಒಳಹರಿವೂ ಜೋರಾಗಿದೆ ಅಂದರೆ ಗೇಟು ಯಾವಾಗ ಎತ್ತುತ್ತಾರೋ ಅಂತ ಕಾಯಬೇಕಾದ ಹೊತ್ತು. ಆ ವಾರ ಹೊಳೆದಂಡೆ ಕಾರ್ಯಕ್ರಮ ಹಾಕಿಕೊಳ್ಳಲೇಬೇಡಿ.

ಪ್ರತಿದಿನ ಪೇಪರಿನಲ್ಲಿ ಬರೋ ಅಂಕಿಯಲ್ಲಿ ಮೂರು ಇರ್ತವೆ: ಇಂದಿನ ಮಟ್ಟ, ಒಳಹರಿವು, ಹೊರಹರಿವು. ಜನ ತಪ್ಪು ಮಾಡೋದು ಮೂರನೆಯದರಲ್ಲಿ. ಹೊರಹರಿವು ಅಂದರೆ ಅಷ್ಟೂ ಹೊಳೆಗೆ ಅಂತಲ್ಲ. ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟಿದ್ದೂ ಅದರಲ್ಲೇ ಸೇರಿರುತ್ತೆ. ನಾಲೆಗೆ ನೀರು ಹರಿಸೋ ದಿನಗಳಲ್ಲಿ ಒಟ್ಟು ಅಂಕಿ ದೊಡ್ಡದಾಗಿ ಕಂಡರೂ ಹೊಳೆ ತೆಳ್ಳಗೇ ಇರಬಹುದು. 'ನದಿಗೆ ಎಷ್ಟು' ಅನ್ನೋದನ್ನ ಬೇರೆಯಾಗಿ ಹುಡುಕಿ ನೋಡಿ. ಕಟ್ಟೆ ತುಂಬಿದ ದಿನಗಳಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲ ಹೊಳೆಗೇ.

ಭಾನುವಾರದ ಬಳಗ
ನೀರುಗಂಟಿಯವರೇ, ಕ್ಯೂಸೆಕ್ ಅಂದರೆ ನಮಗೆ ಪೇಪರಿನ ಪದ ಅಷ್ಟೇ. ಎಷ್ಟಿದ್ದರೆ ಹೋಗಬಹುದು, ಎಷ್ಟಿದ್ದರೆ ಬೇಡ ಅಂತ ಒಂದು ಅಂದಾಜು ಹೇಳಿ ಸಾರ್.

ನೀರುಗಂಟಿ
ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಲೀಟರಿನಲ್ಲಿ 28.3. ಹತ್ತು ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 2.83 ಲಕ್ಷ ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳು ಒಂದೊಂದು ಸೆಕೆಂಡಿಗೆ ಇಪ್ಪತ್ಮೂರು ಹಾದುಹೋದ ಹಾಗೆ. ಅದೇ ಹರಿವು ಪೂರ್ತಿ ಒಂದು ದಿನ ಇದ್ದರೂ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಆಗಲ್ಲ. ಅದಕ್ಕೆ ಇಪ್ಪತ್ತನಾಲ್ಕು ಗಂಟೆ 11,574 ಕ್ಯೂಸೆಕ್ ಬೇಕು.

ನನ್ನ ಕೈ ಲೆಕ್ಕ ಇದು, ಸರ್ಕಾರಿ ಲೆಕ್ಕ ಅಲ್ಲ. ನದಿಗೆ ಎರಡು-ಮೂರು ಸಾವಿರದ ಒಳಗೆ ಇದ್ದರೆ ಬಂಡೆಗಳೆಲ್ಲ ಮೇಲೆ ಕಾಣ್ತವೆ, ಮೆಟ್ಟಿಲವರೆಗೆ ಆರಾಮ. ಐದು ಸಾವಿರ ದಾಟಿದರೆ ಮಕ್ಕಳನ್ನ ಕೆಳಗಿನ ಮೆಟ್ಟಿಲಿಗೆ ಬಿಡಬೇಡಿ. ಹತ್ತು ಸಾವಿರ ದಾಟಿದರೆ ದಂಡೆ ಮರೆತು ರಸ್ತೆಯಲ್ಲೇ ಹೋಗಿ. ಹೆಚ್ಚು ನೀರು ಬಿಡ್ತೀವಿ, ನದಿಪಾತ್ರದ ಜನ ಎಚ್ಚರ ಅಂತ ಪ್ರಕಟಣೆ ಬಂದರೆ ಊರೊಳಗೆ ದೋಸೆ ತಿಂದು ವಾಪಸ್ ಬನ್ನಿ.

ಇನ್ನೊಂದು ಮಾತು. ಹೇಮಾವತಿ, ಲಕ್ಷ್ಮಣತೀರ್ಥ ಎರಡೂ ಕಟ್ಟೆಯ ಹಿನ್ನೀರಿಗೇ ಸೇರೋದರಿಂದ ಅವುಗಳ ನೀರು ಆ ಅಂಕಿಯಲ್ಲಿ ಬಂದಾಯ್ತು. ಲೋಕಪಾವನಿ ಹಾಗಲ್ಲ. ಅದು ಕರಿಘಟ್ಟದ ಹತ್ತಿರ, ಕಟ್ಟೆಯಿಂದ ಎಷ್ಟೋ ಕೆಳಗೆ, ನಮ್ಮ ಉತ್ತರದ ಕವಲಿಗೆ ಬಂದು ಬೀಳುತ್ತೆ. ನಾಗಮಂಗಲ, ಪಾಂಡವಪುರದ ಕಡೆ ರಾತ್ರಿ ದಬದಬ ಮಳೆ ಬಿದ್ದಿದ್ದರೆ ಕಟ್ಟೆ ಹೊರಹರಿವು ಸಣ್ಣದಿದ್ದರೂ ಗಂಜಾಂನಿಂದ ಕೆಳಗೆ ನೀರು ಕೆಂಪಗೆ ತಿರುಗಿರುತ್ತೆ. ಅಕ್ಟೋಬರಿನಲ್ಲಿ ಇದು ಹೆಚ್ಚು.

ಎರಡುಹೊತ್ತು
ಬೇಸಿಗೆಯಲ್ಲಿ ಈ ತಲೆನೋವೇ ಇಲ್ಲವಲ್ಲ? ಮಾರ್ಚ್-ಏಪ್ರಿಲ್‌ನಲ್ಲಿ ಹೊಳೆ ಒಣಗಿರುತ್ತೆ, ಬಂಡೆ ಮೇಲೆ ಬಂಡೆ ದಾಟಿಕೊಂಡೇ ಹೋಗಬಹುದು.

ನೀರುಗಂಟಿ
ಅಪಾಯದ ಮಾತು ಅಂದರೆ ಅದೇ ನೋಡಿ ಸ್ವಾಮಿ. ಬೆಂಗಳೂರಿನ ಕುಡಿಯೋ ನೀರು ಇದೇ ಹೊಳೆಯಲ್ಲಿ ಶಿವಾ ಅಣೆಕಟ್ಟೆವರೆಗೆ ಹರಿದುಹೋಗಿ, ಅಲ್ಲಿಂದ ತೊರೆಕಾಡನಹಳ್ಳಿಗೆ ಹೋಗಿ ಪಂಪ್ ಆಗೋದು. ತಮಿಳುನಾಡಿಗೆ ಬಿಡೋದೂ ಇದರಲ್ಲೇ. ಬೇಸಿಗೆಯಲ್ಲೂ ಬಿಡುಗಡೆ ಹೆಚ್ಚುಕಡಿಮೆ ಆಗ್ತಾನೇ ಇರುತ್ತೆ. ಬೆಳಗ್ಗೆ ಏಳಕ್ಕೆ ಪಾದ ಮುಳುಗೋಷ್ಟು ನೀರಲ್ಲಿ ದಾಟಿದ ಜಾಗ ಹನ್ನೊಂದಕ್ಕೆ ಮಂಡಿ ದಾಟಿರಬಹುದು. ನಡು ಹೊಳೆ ಬಂಡೆ ಮೇಲೆ ಬುತ್ತಿ ಬಿಚ್ಚಿ ಕೂತವರಿಗೆ ಸುತ್ತ ನೀರು ಏರಿದ್ದು ಗೊತ್ತಾಗೋದೇ ಇಲ್ಲ, ಯಾಕಂದರೆ ಸದ್ದು ಜೋರಾಗೋ ಮುಂಚೆ ಮಟ್ಟ ಏರಿರುತ್ತೆ. ಈ ನಡಿಗೆಯಲ್ಲಿ ಹೊಳೆ ದಾಟೋ ಅಗತ್ಯ ಒಂದು ಕಡೆಯೂ ಇಲ್ಲ. ದಾಟಬೇಡಿ.

ಹೊಳೆಮತ್ತಿ
ಅಂಕಿ ನೋಡೋದು ಮನೆಯಲ್ಲಿ. ದಂಡೆಗೆ ಬಂದ ಮೇಲೆ ಹೊಳೆಯನ್ನೇ ಓದಬಹುದು. ವೆಲ್ಲೆಸ್ಲಿ ಸೇತುವೆ ಹತ್ತಿರ ಎರಡು ನಿಮಿಷ ನಿಂತು ಒಂದು ಕಲ್ಲುಗಂಬದ ಬುಡ ಮಾತ್ರ ನೋಡಿ. ನೀರಿಗಿಂತ ಮೇಲೆ ಒಂದು ಗೇಣು ಕಪ್ಪಗೆ ಒದ್ದೆ ಪಟ್ಟಿ, ಅದರ ಮೇಲೆ ಒಣಗುತ್ತಿರೋ ಕೆಸರಿನ ಬೂದು ಗೆರೆ ಇದ್ದರೆ ನೀರು ಇಳೀತಾ ಇದೆ. ಒದ್ದೆ ಪಟ್ಟಿಯೇ ಇಲ್ಲದೆ ನೀರು ನೇರವಾಗಿ ಒಣಕಲ್ಲಿಗೆ ತಾಗಿ, ತಾಗಿದ ಕಡೆ ನೊರೆ, ಕಬ್ಬಿನ ಸೋಗೆ, ತೆಂಗಿನ ಮಟ್ಟೆ ಚೂರು ಸೇರಿಕೊಂಡು ಸುತ್ತುತ್ತಿದ್ದರೆ ಏರ್ತಾ ಇದೆ. ಅಂತರಗಂಗೆ ಗಿಡ ಗುಂಪುಗುಂಪಾಗಿ ತೇಲಿ ಬರ್ತಿದ್ದರೂ ಅದೇ ಅರ್ಥ: ಮೇಲೆ ಎಲ್ಲೋ ನಿಂತ ನೀರು ಎದ್ದಿದೆ. ಹತ್ತು ನಿಮಿಷ ಬಿಟ್ಟು ಅದೇ ಕಂಬ ಮತ್ತೆ ನೋಡಿ. ಇದಕ್ಕೆ ಆ್ಯಪ್ ಬೇಡ.

ಮೆಟ್ಟಿಲಿನ ಪಾಚಿಯೂ ಹೇಳುತ್ತೆ. ಹಸಿರು ಕಡುಬಣ್ಣದ ಮೆಟ್ಟಿಲು ಮೊನ್ನೆ ಮೊನ್ನೆವರೆಗೆ ನೀರಲ್ಲಿತ್ತು ಅಂತ. ಅದರ ಮೇಲೆ ರಬ್ಬರ್ ಚಪ್ಪಲಿ ಹಾಕಿ ಕಾಲಿಟ್ಟರೆ ಸೀದಾ ಹೊಳೆಗೆ. ಕಂದು ಬಣ್ಣಕ್ಕೆ ತಿರುಗಿ ಚಕ್ಕೆ ಏಳೋ ಪಾಚಿ ಪರವಾಗಿಲ್ಲ.

ದಂಡೆ ಮೇಲೆ ನೆರಳಿಗೆ ನಿಂತಿರೋದು ಬಹುಪಾಲು ಹೊಳೆಮತ್ತಿ, ಹೊಂಗೆ, ಅತ್ತಿ. ಹೊಳೆಮತ್ತಿಯ ಬೇರು ದಂಡೆಯನ್ನ ಹಿಡಿದಿರುತ್ತೆ. ಮಣ್ಣು ಕೊಚ್ಚಿಹೋಗಿ ಬೇರು ಮಾತ್ರ ಚಾಚಿಕೊಂಡಿರೋ ಕಡೆ ಮೇಲಿನ ನೆಲ ಗಟ್ಟಿಯಾಗಿ ಕಂಡರೂ ಕೆಳಗೆ ಪೊಳ್ಳು. ಅಂಚಿನಿಂದ ಎರಡು ಮಾರು ಒಳಗೆ ನಡೀರಿ.

ಭಾನುವಾರದ ಬಳಗ
ಮೊಸಳೆ ಇದೆ ಅಂತಾರಲ್ಲ, ಅದು ರಂಗನತಿಟ್ಟಿನಲ್ಲಿ ಮಾತ್ರ ತಾನೇ?

ಹೊಳೆಮತ್ತಿ
ರಂಗನತಿಟ್ಟು ಪಕ್ಷಿಧಾಮ ಆಗಿದ್ದು 1940ರಲ್ಲಿ, ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ್ದು 2022ರಲ್ಲಿ. ಮೊಸಳೆಗೆ ಈ ಗಡಿ ಯಾರೂ ಹೇಳಿಲ್ಲ. ಅಲ್ಲಿಂದ ಕೆಳಕ್ಕೂ ಹೊಳೆಯಲ್ಲಿ ಇದ್ದೇ ಇರ್ತವೆ. ಚಳಿಗಾಲದ ಬೆಳಗ್ಗೆ ಬಿಸಿಲು ಕಾಯಿಸೋಕೆ ಬಂಡೆ ಮೇಲೆ ಬಾಯಿ ತೆರೆದು ಮಲಗಿರುತ್ತೆ, ದೂರಕ್ಕೆ ಕೊರಡಿನ ಹಾಗೇ ಕಾಣೋದು. ಕಂಡ ಮೊಸಳೆಯಿಂದ ತೊಂದರೆ ಇಲ್ಲ. ನಿಂತ ನೀರಿನ ಮಡು, ಜೊಂಡಿನ ಅಂಚು, ಇಲ್ಲಿ ಕೂತು ಕೈಕಾಲು ತೊಳೆಯೋದು, ನಾಯಿ ಇಳಿಸೋದು ಬೇಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆ ಇಡೋ ಕಾಲ, ಮರಳು ದಿಬ್ಬ ಕಂಡರೆ ಹತ್ತಬೇಡಿ.

ಇನ್ನು ನೋಡೋಕೆ ಸಿಗೋದು: ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ. ಅದೃಷ್ಟ ಇದ್ದರೆ ನೀರುನಾಯಿ. ಜನವರಿಯಲ್ಲಿ ಸೂರ್ಯ ಹುಟ್ಟೋದೇ ಆರೂಮುಕ್ಕಾಲರ ಹೊತ್ತಿಗೆ, ಅದಕ್ಕೆ ಸರಿಯಾಗಿ ಜಲದ್ವಾರದ ಹತ್ತಿರ ಇದ್ದರೆ ಹೊಳೆ ಮೇಲೆ ಮಂಜು ಏಳೋದು ಕಾಣುತ್ತೆ. ಒಂಬತ್ತರ ಮೇಲೆ ಹಕ್ಕಿಗಿಂತ ಸೆಲ್ಫಿ ಹೆಚ್ಚು.

ಗಂಜಾಂ ಗಲ್ಲಿ
ಎಲ್ಲರೂ ಗಂಜಾಂನ ದಾಟಿ ಹೋಗೋ ಜಾಗ ಅಂದುಕೊಂಡಿದ್ದೀರಿ. ಹೈದರ್-ಟಿಪ್ಪು ಕಾಲದಲ್ಲಿ ಇದು ಶಹರ್ ಗಂಜಾಂ, ಶಿರಾ ಕಡೆಯಿಂದ ಜನರನ್ನ ತಂದು ಕೂರಿಸಿದ ಪೇಟೆ. ಅಂಜೂರಕ್ಕೂ ಹೆಸರುವಾಸಿ. ಅಬ್ಬೆ ದುಬ್ವಾ ಹೆಸರಿನ ಚರ್ಚ್ ಇಲ್ಲೇ ಇದೆ, ಆ ಫ್ರೆಂಚ್ ಪಾದ್ರಿ ಸಿಡುಬಿಗೆ ಲಸಿಕೆ ಹಾಕಿಸಿದವರು. ಊರ ಬೀದಿಗಳಲ್ಲಿ ನಿಧಾನಕ್ಕೆ ನಡೆದರೆ ಅರ್ಧ ಗಂಟೆ, ನೆರಳೂ ಸಿಗುತ್ತೆ, ಕುಡಿಯೋಕೂ ಸಿಗುತ್ತೆ.

ನಿಮಿಷಾಂಬಕ್ಕೆ ಯಾವ ದಿನ ಬರ್ತೀರಿ ಅನ್ನೋದು ಮುಖ್ಯ. ಅಮಾವಾಸ್ಯೆ, ಮಂಗಳವಾರ, ಶುಕ್ರವಾರ ಜನ ಜಾತ್ರೆ. ಗಂಜಾಂ ಒಳಗಿನ ರಸ್ತೆಯಲ್ಲಿ ಕಾರಿಗೆ ಕಾರು ಅಂಟಿ ನಿಂತಿರುತ್ತೆ, ನಡೆಯೋರಿಗೆ ಜಾಗ ಇರಲ್ಲ. ನವರಾತ್ರಿ ಹೊತ್ತಿಗೆ ಪಟ್ಟಣದ ದಸರಾ ಬೇರೆ, ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ ಹೊರಡೋ ದಿನ ಊರೊಳಗೆ ರಸ್ತೆ ಬಂದ್. ಗುಡಿ ಹಿಂದಿನ ಮೆಟ್ಟಿಲಲ್ಲಿ ನಿಂತರೆ ಹೊಳೆ ಆಚೆ ಕರಿಘಟ್ಟ ಕಾಣುತ್ತೆ. ಅದು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಒಂದೇ ದಿನಕ್ಕೆ ಎರಡೂ ಸೇರಿಸಿದರೆ ಹಿರಿಯರು ಬೈತಾರೆ.

ಕೋತಿ ಇದಾವೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ತಿಂಡಿ ಅಂತಲೇ ಲೆಕ್ಕ. ಬಾಳೆಹಣ್ಣು ಪೂಜೆಗೆ ತಗೊಂಡರೆ ಬ್ಯಾಗಿನೊಳಗೆ ಹಾಕಿ ಜಿಪ್ ಎಳೀರಿ.

ಎರಡುಹೊತ್ತು
ರಸ್ತೆ ಬಿಟ್ಟು ಗದ್ದೆ ಬದುವಿನ ಮೇಲೆ ಹೋದರೆ ಹೊಳೆಗೆ ಹತ್ತಿರ ಆಗುತ್ತೆ, ಫೋಟೋಕ್ಕೂ ಚೆಂದ. ಗಂಜಾಂ-ಸಂಗಮ ನಡುವೆ ಹಾಗೆ ಮಾಡಬಹುದಲ್ಲ?

ನೀರುಗಂಟಿ
ಮಾಡಬಹುದು, ಗದ್ದೆಯವರನ್ನ ಕೇಳಿ. ಬಹಳ ಮಂದಿ ಬೇಡ ಅನ್ನಲ್ಲ. ಆದರೆ ಬದು ಅಂದರೆ ಏನು ಅಂತ ತಿಳಿದು ಕಾಲಿಡಿ.

ದ್ವೀಪದ ಗದ್ದೆಗಳಿಗೆ ನೀರು ಬರೋದು ಬಂಗಾರದೊಡ್ಡಿ ನಾಲೆಯಿಂದ. ಕಂಠೀರವ ನರಸರಾಜ ಒಡೆಯರ ಕಾಲದ್ದು, ಅಂದರೆ ಹದಿನೇಳನೇ ಶತಮಾನ. ಹೊಳೆ ನೀರನ್ನ ಹೊಳೆಯ ಮೇಲೇ, ಮೇಲ್ಗಾಲುವೆ ಕಟ್ಟಿ, ದಕ್ಷಿಣದ ಕವಲು ದಾಟಿಸಿ ದ್ವೀಪಕ್ಕೆ ತಂದಿದ್ದಾರೆ. ಅದರ ನೀರು ಗಂಜಾಂ ಕಡೆಗೂ ಹರಿಯುತ್ತೆ. ನಾಲೆಯಿಂದ ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಗಂಡಿ, ಗಂಡಿಯಿಂದ ಗದ್ದೆ. ಈ ಗಂಡಿ ಅನ್ನೋದು ಒಂದು ಹಿಡಿ ಕೆಸರು, ಒಂದು ಕಲ್ಲು, ಕೆಲವೊಮ್ಮೆ ಹಳೇ ಗೋಣಿಚೀಲದ ತುಂಡು, ಅಷ್ಟೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅದನ್ನ ತೆಗೆಯೋದು-ಮುಚ್ಚೋದರ ಮೇಲೆ ನಿಂತಿದೆ. ಮಕ್ಕಳು ಆಟಕ್ಕೆ ಅದನ್ನ ಕಾಲಲ್ಲಿ ಒದ್ದರೆ ಮೇಲಿನವರ ನೀರು ಕೆಳಗಿನವರಿಗೆ ಹೋಗುತ್ತೆ, ಸಾಯಂಕಾಲ ಇಬ್ಬರು ರೈತರಿಗೆ ಜಗಳ.

ಬದುವೂ ಹಾಗೇ. ನಾಟಿ ಮುಂಚೆ ಸವರಿ, ಕೆಸರು ಮೆತ್ತಿ ನುಣ್ಣಗೆ ಮಾಡಿರ್ತಾರೆ. ಅಗಲ ಒಂದು ಅಡಿ ಇದ್ದರೆ ಹೆಚ್ಚು. ಹೊಸದಾಗಿ ಮೆತ್ತಿದ ಬದು ಒಣಗೋಕೆ ಮುಂಚೆ ಹತ್ತು ಜನ ಸಾಲಾಗಿ ನಡೆದರೆ ಹಿಮ್ಮಡಿ ಗುಂಡಿಯಲ್ಲಿ ನೀರು ಜಿನುಗಿ, ರಾತ್ರಿಯೊಳಗೆ ಒಡೆದು, ಹಾಕಿದ ಗೊಬ್ಬರ ಸಮೇತ ಪಕ್ಕದ ಗದ್ದೆಗೆ. ಹಸಿ ಹೊಳಪು ಇರೋ ಬದುವಿಗೆ ಕಾಲಿಡಬೇಡಿ. ಹುಲ್ಲು ಬೆಳೆದ ಹಳೇ ಬದು ಪರವಾಗಿಲ್ಲ, ಆದರೆ ಹುಲ್ಲಿನಲ್ಲಿ ಏಡಿ ಬಿಲ, ಇಲಿ ಬಿಲ ಇರ್ತವೆ. ಕೋಲಿನಿಂದ ಮುಂದೆ ಒತ್ತಿ ನೋಡಿ ಹೆಜ್ಜೆ ಇಡಿ. ಇಲಿ ಇದ್ದ ಕಡೆ ಹಾವು ಇರುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಕಬ್ಬಿನಜಲ್ಲೆ
ಕಬ್ಬಿನ ಗದ್ದೆ ಮಧ್ಯೆ ದಾರಿ ಮಾಡಿಕೊಳ್ಳೋ ಯೋಚನೆ ಮಾತ್ರ ಬೇಡ. ಸೋಗೆ ಅಂಚು ಗರಗಸ, ತುಂಬು ತೋಳಿನ ಅಂಗಿ ಇಲ್ಲದಿದ್ದರೆ ಕೈ ತುಂಬ ಗೀರು. ಎದೆ ಮಟ್ಟ ದಾಟಿದ ಕಬ್ಬಿನಲ್ಲಿ ಕಾಡುಹಂದಿಯೂ ಇರುತ್ತೆ, ನಮ್ಮ ಕಡೆ ಚಿರತೆ ಮರಿ ಹಾಕೋದೂ ಅಲ್ಲೇ. ಕಟಾವಾದ ಮೇಲೆ ತರಗಿಗೆ ಬೆಂಕಿ ಇಡ್ತಾರೆ, ಹೊಗೆ ಕಂಡರೆ ಗಾಳಿ ಬೀಸೋ ಕಡೆಗೆ ನಿಲ್ಲಬೇಡಿ.

ಡಿಸೆಂಬರ್-ಜನವರಿಯಲ್ಲಿ ಒಳರಸ್ತೆ ಮೇಲೆ ಹುರುಳಿ, ರಾಗಿ ಹರಡಿರೋದು ನೋಡ್ತೀರಿ. ಗಾಡಿ ಹತ್ತಿ ಒಕ್ಕಣೆ ಆಗಲಿ ಅಂತ. ಒಣ ಹುರುಳಿ ಸೊಪ್ಪು ಟಾರಿನ ಮೇಲೆ ಸಾಬೂನಿನ ಹಾಗೆ ಜಾರುತ್ತೆ. ಸ್ಕೂಟರ್ ನಿಮ್ಮ ಕಡೆ ಜಾರಿ ಬರೋ ಸಾಧ್ಯತೆ ಇದೆ, ರಸ್ತೆ ಬಿಟ್ಟು ಅಂಚಿಗೆ ನಡೀರಿ.

ಭಾನುವಾರದ ಬಳಗ
ಹಾವಿನ ಮಾತು ಬಂತಲ್ಲ. ಏನು ಇಟ್ಟುಕೊಂಡಿರಬೇಕು?

ಹೊಳೆಮತ್ತಿ
ಇಟ್ಟುಕೊಳ್ಳಬೇಕಾದ್ದು ಬ್ಯಾಗಿನಲ್ಲಲ್ಲ, ಕಾಲಲ್ಲಿ: ಮುಚ್ಚಿದ ಬೂಟು, ಉದ್ದ ಪ್ಯಾಂಟು. ಗದ್ದೆ ಬಯಲಿನಲ್ಲಿ ಕೊಳಕುಮಂಡಲ, ನಾಗರ, ಕಟ್ಟುಹಾವು ಮೂರೂ ಇವೆ. ಕೊಳಕುಮಂಡಲ ಒಣ ಎಲೆ ಬಣ್ಣ, ಸರಿದು ಹೋಗೋಕೆ ಸೋಮಾರಿ, ಕುಕ್ಕರ್ ಸೀಟಿ ಥರ ಬುಸ್ ಅನ್ನುತ್ತೆ. ಸದ್ದು ಕೇಳಿದರೆ ನಿಂತುಬಿಡಿ, ಎಲ್ಲಿದೆ ಅಂತ ಕಂಡ ಮೇಲೆ ಹಿಂದಕ್ಕೆ ಸರೀರಿ. ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು, ಹೀರೋದು ಯಾವುದೂ ಬೇಡ. ಉಂಗುರ, ಗೆಜ್ಜೆ, ವಾಚು ತೆಗೆದು, ಆ ಕಾಲನ್ನ ಕೋಲು ಇಟ್ಟು ಅಲುಗದ ಹಾಗೆ ಮಾಡಿ, ನಡೆಸದೆ, 108ಕ್ಕೆ ಕರೆ ಮಾಡಿ. ಸಂಗಮದ ರಸ್ತೆಯಲ್ಲಿ ಆಟೊ ಮೊದಲು ಸಿಕ್ಕರೆ ಅದರಲ್ಲೇ ಹೊರಡಿ, ಆಂಬುಲೆನ್ಸ್ ಕಾಯೋದು ಬೇಡ. ಮದ್ದು ಇರೋದು ಆಸ್ಪತ್ರೆಯಲ್ಲಿ ಮಾತ್ರ.

ಕೋಟೆಬಾಗಿಲು
ಸಂಗಮದ ಬಗ್ಗೆ ಬಿಡಿಸಿ ಹೇಳ್ತೀನಿ, ಯಾಕಂದರೆ ನಡಿಗೆ ಮುಗಿದ ಖುಷಿಯಲ್ಲಿ ಜನ ಎಡವೋದು ಇಲ್ಲೇ.

ಪಟ್ಟಣದ ಮೇಲೆ ಎರಡಾಗಿ ಸೀಳಿದ ಹೊಳೆ ಇಲ್ಲಿ ಮತ್ತೆ ಒಂದಾಗುತ್ತೆ. ಎರಡು ಕವಲಿನ ನೀರಿಗೂ ವೇಗ ಒಂದೇ ಇರಲ್ಲ, ಆಳ ಒಂದೇ ಇರಲ್ಲ. ನಿಧಾನದ ನೀರಿಗೆ ಜೋರಿನ ನೀರು ಪಕ್ಕದಿಂದ ಬಡಿದ ಕಡೆ ಸುಳಿ. ಮೇಲಿನಿಂದ ನೋಡಿದರೆ ಕನ್ನಡಿ ಹಾಗೆ ನುಣುಪು, ಅಲೆಯೂ ಇಲ್ಲ. ಆ ನುಣುಪೇ ಮೋಸ. ತಳದಲ್ಲಿ ಹಾಸುಬಂಡೆ ಇದ್ದಕ್ಕಿದ್ದಂತೆ ಮುಗಿದು ಮಡು ಶುರುವಾಗುತ್ತೆ: ಒಂದು ಹೆಜ್ಜೆ ಮಂಡಿ ಆಳ, ಮುಂದಿನ ಹೆಜ್ಜೆ ಕಾಲಿಗೆ ತಳ ಸಿಗಲ್ಲ. ಈಜು ಬರುತ್ತೆ ಅನ್ನೋರೂ ಮುಳುಗಿರೋದು ಇದಕ್ಕೇ. ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ನೀರು ಹಾಕಿಕೊಳ್ಳೋದು ಸಾಕು.

ಇನ್ನೊಂದು, ಬರಿಗಾಲು. ಸಂಗಮದಲ್ಲಿ ಅಸ್ಥಿ ಬಿಡ್ತಾರೆ, ಪಿಂಡ ಬಿಡ್ತಾರೆ. ಒಡೆದ ಮಡಕೆ ಚೂರು, ಫೋಟೋ ಚೌಕಟ್ಟಿನ ಗಾಜು, ನೀರಲ್ಲಿ ಬಿಟ್ಟ ಸೀರೆ ಪಂಚೆ ಎಲ್ಲ ತಳದಲ್ಲಿ. ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳೋದು ಕಷ್ಟ. ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕಿಕೊಂಡೇ ಇಳೀರಿ, ಮೇಲೆ ಬಂದು ತೊಳೆದುಕೊಳ್ಳಿ. ಮಹಾಲಯ ಅಮಾವಾಸ್ಯೆ ದಿನ ಇಲ್ಲೂ ಪಶ್ಚಿಮವಾಹಿನಿಯಲ್ಲೂ ಕಾಲಿಡೋಕೆ ಜಾಗ ಇರಲ್ಲ, ಆ ದಿನ ಬರಬೇಡಿ. ಅದು ಪಿತೃಕಾರ್ಯಕ್ಕೆ ಬರೋರ ದಿನ.

ಹರಿಗೋಲಿನವರು ಕರೀತಾರೆ. ಲೈಫ್ ಜಾಕೆಟ್ ಇದ್ದರೆ, ಅದು ಮಕ್ಕಳ ಅಳತೆಗೂ ಇದ್ದರೆ, ಹತ್ತಿ. ಬುಟ್ಟಿ ತಿರುಗಿಸಿ ಆಟ ತೋರಿಸ್ತೀನಿ ಅಂದರೆ ಬೇಡ ಅನ್ನಿ. ದರ ಮೊದಲೇ ಮಾತಾಡಿ.

ಎರಡುಹೊತ್ತು
ಮಳೆಗಾಲದ ಹಸಿರು ಬಿಟ್ಟು ಜನವರಿಯಲ್ಲಿ ಹೋಗಿ ಏನು ನೋಡೋದು ಅಂತ ನನ್ನ ವಾದ. ಸೆಪ್ಟೆಂಬರಿನಲ್ಲಿ ಗದ್ದೆ ಎಲ್ಲ ಪಚ್ಚೆ.

ನೀರುಗಂಟಿ
ಹಸಿರು ನಿಮಗೆ, ಕೆಸರು ಅಜ್ಜನಿಗೆ. ಹೊಳೆ ಇಳಿದ ಮೇಲೆ ದಂಡೆಯಲ್ಲಿ ಬಿಟ್ಟು ಹೋಗೋ ಮೆಕ್ಕಲು ಮಣ್ಣು ಮೇಲೆ ಚರ್ಮದ ಹಾಗೆ ಒಣಗಿ ಕೆಳಗೆ ಪಾಯಸದ ಹಾಗೆ ಇರುತ್ತೆ. ಬೂಟು ಅಲ್ಲೇ ಉಳಿಯುತ್ತೆ, ಕಾಲು ಮಾತ್ರ ಬರುತ್ತೆ. ಹಸಿರು ಬೇಕೇ ಬೇಕು ಅಂದರೆ ನವೆಂಬರ್ ಕೊನೆ. ಭತ್ತ ಹಳದಿಗೆ ತಿರುಗೋ ಹೊತ್ತು, ದಾರಿ ಗಟ್ಟಿಯಾಗಿರುತ್ತೆ, ಹೊಳೆಯಲ್ಲಿ ನೋಡೋಷ್ಟು ನೀರೂ ಇರುತ್ತೆ. ಅಲ್ಲಿಂದ ಫೆಬ್ರವರಿ ನಡುವಿನವರೆಗೆ ಒಳ್ಳೇ ಕಾಲ. ಆಮೇಲೆ ಹತ್ತು ಗಂಟೆಗೇ ಬಿಸಿಲು ಬಡಿಯುತ್ತೆ, ದರಿಯಾ ದೌಲತ್‌ನಿಂದ ಸಂಗಮದವರೆಗೆ ರಸ್ತೆಯಲ್ಲಿ ನೆರಳು ತುಂಡುತುಂಡು.

ಸೆಪ್ಟೆಂಬರಿನಲ್ಲೇ ಹೋಗ್ತೀನಿ ಅಂದರೆ ಹೊಳೆ ಬಿಟ್ಟು ನಾಲೆ ಏರಿ ಹಿಡೀರಿ. ಚಿಕ್ಕದೇವರಾಯಸಾಗರ ನಾಲೆ ಉತ್ತರದ ದಡಕ್ಕೆ, ವಿರಿಜಾ ನಾಲೆ ದಕ್ಷಿಣಕ್ಕೆ ಪಾಲಹಳ್ಳಿ ಕಡೆ. ಏರಿ ಮೇಲೆ ಗಾಡಿ ಜಾಡು ಇರುತ್ತೆ, ಗಟ್ಟಿ ನೆಲ. ನಾಲೆಯಲ್ಲಿ ನೀರು ಇದೆಯೋ ಇಲ್ಲವೋ ಮೊದಲೇ ವಿಚಾರಿಸಿ. ಕಟ್ಟು ಪದ್ಧತಿಯಲ್ಲಿ ಬಿಡುವಾಗ ಕೆಲವು ದಿನ ತುಂಬಿ, ಕೆಲವು ದಿನ ಖಾಲಿ. ತುಂಬಿದ ನಾಲೆಗೆ ಯಾರೂ ಇಳಿಯಬಾರದು: ಎರಡೂ ಪಕ್ಕ ಇಳಿಜಾರು ಸಿಮೆಂಟು ಇದ್ದ ಕಡೆ ಪಾಚಿಯಿಂದ ಹಿಡಿತವೇ ಸಿಗಲ್ಲ, ಬಿದ್ದವರು ಮುಂದಿನ ಮೆಟ್ಟಿಲೋ ಸೇತುವೆಯೋ ಸಿಗೋವರೆಗೆ ತೇಲಿಕೊಂಡೇ ಹೋಗ್ತಾರೆ. ಮಕ್ಕಳನ್ನ ಏರಿಯ ಗದ್ದೆ ಕಡೆ ಬದಿಗೆ ನಡೆಸಿ.

ಗಂಜಾಂ ಗಲ್ಲಿ
ಬಸ್ಸಿನ ವಿಚಾರ ಯಾರೂ ಹೇಳಲಿಲ್ಲ. 2023ರಲ್ಲಿ ಎಕ್ಸ್‌ಪ್ರೆಸ್ ಹೈವೇ ಆದಮೇಲೆ ಎಷ್ಟೋ ಬಸ್ಸು ಬೈಪಾಸಿನಲ್ಲೇ ಹೋಗ್ತವೆ, ಪಟ್ಟಣದೊಳಕ್ಕೆ ಬರಲ್ಲ. ಹತ್ತೋ ಮುಂಚೆ 'ಊರೊಳಗೆ ಹೋಗುತ್ತಾ' ಅಂತ ಕಂಡಕ್ಟರನ್ನ ಕೇಳಿ. ಇಲ್ಲದಿದ್ದರೆ ಬೈಪಾಸಿನಲ್ಲಿ ಇಳಿಸಿ ಹೋಗ್ತಾರೆ, ನಿಮ್ಮ ಆರು ಕಿಲೋಮೀಟರ್ ಅಲ್ಲೇ ಎಂಟಾಗುತ್ತೆ. ಮೈಸೂರಿನ ಸಿಟಿ ಬಸ್ಸು ಆದರೆ ಚಿಂತೆ ಇಲ್ಲ. ಹೆಂಗಸರು ಆಧಾರ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ.

ರೈಲಾದರೆ ಪ್ಯಾಸೆಂಜರ್ ನೋಡಿ, ಎಕ್ಸ್‌ಪ್ರೆಸ್ಸುಗಳೆಲ್ಲ ಇಲ್ಲಿ ನಿಲ್ಲಲ್ಲ. ಸ್ಟೇಷನ್ ಪಕ್ಕ ಟಿಪ್ಪುವಿನ ಶಸ್ತ್ರಾಗಾರ ನೋಡಬೇಕಾದ್ದೇ: 2017ರಲ್ಲಿ ಹಳಿ ಜೋಡಿ ಮಾಡೋಕೆ ಅಡ್ಡ ಬಂತು ಅಂತ ಇಡೀ ಕಟ್ಟಡವನ್ನೇ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿದರು. ಹಾಗಂತ ಹಳಿ ಮೇಲೆ ನಡೆದು ರೈಲ್ವೆ ಸೇತುವೆಗೆ ಹೋಗಬೇಡಿ. ಜೋಡಿ ಹಳಿ ಇರೋದರಿಂದ ಒಂದು ಗಾಡಿ ಸದ್ದಿನಲ್ಲಿ ಇನ್ನೊಂದರ ಸದ್ದು ಕೇಳಲ್ಲ.

ಕಬ್ಬಿನಜಲ್ಲೆ
ನೀರು ತಲೆಗೆ ಒಂದೂವರೆ ಲೀಟರ್. ಹೊಳೆ ನೀರು ಕುಡಿಯೋದು ಬೇಡ, ತೀರ್ಥ ಅಂತ ಬಾಯಿಗೆ ಹಾಕಿಕೊಳ್ಳೋದನ್ನೂ ಮಕ್ಕಳಿಗೆ ಬಿಡಿಸಿ. ಎಳನೀರು ದಾರಿಯುದ್ದಕ್ಕೂ ಸಿಗುತ್ತೆ. ಕುಡಿದ ಮೇಲೆ ಎಳನೀರಿನ ಮರದ ಕೆಳಗೇ ಕೂರಬೇಡಿ, ಅಷ್ಟೇಯ. ಬುಡದಲ್ಲಿ ಉದುರಿದ ಕಾಯಿ, ಗರಿ ಕಂಡರೆ ಆ ನೆರಳು ನಿಮಗಲ್ಲ. ಊಟಕ್ಕೆ ಪುಳಿಯೋಗರೆ, ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಮೊಸರನ್ನ ಬೇಡ, ಹನ್ನೊಂದಕ್ಕೆ ಹುಳಿ ಬಂದಿರುತ್ತೆ.

ಭಾನುವಾರದ ಬಳಗ
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಜನವರಿಯಲ್ಲಿ, ಅಮಾವಾಸ್ಯೆ ಇಲ್ಲದ ಭಾನುವಾರ, ಆರೂಮುಕ್ಕಾಲಿಗೆ ಜಲದ್ವಾರ, ಹತ್ತೂವರೆಗೆ ಸಂಗಮ. ಕೊನೇ ಪ್ರಶ್ನೆ, ಮನೆಯ ಹಿರಿಯರದ್ದು: ನಡುವೆ ಶೌಚಾಲಯ ಎಲ್ಲಿ? ವಾಪಸ್ ಬರೋಕೆ ಏನು?

ಗಂಜಾಂ ಗಲ್ಲಿ
ಟಿಕೆಟ್ ಇರೋ ದರಿಯಾ ದೌಲತ್ ಆವರಣ ನಂಬಿ. ಆದರೆ ಅದು ಬಾಗಿಲು ತೆಗೆಯೋ ಹೊತ್ತು ನಿಮ್ಮ ನಡಿಗೆಗಿಂತ ತಡ. ಆರೂಮುಕ್ಕಾಲಿಗೆ ಶುರು ಮಾಡಿದರೆ ಎಂಟಕ್ಕೇ ಅದರ ಮುಂದೆ ಇರ್ತೀರಿ. ಅದಕ್ಕೆ ಬಸ್ ಸ್ಟ್ಯಾಂಡಿನಲ್ಲೇ ಒಂದು ಸಲ ಮುಗಿಸಿಕೊಳ್ಳಿ, ಆಮೇಲೆ ನಿಮಿಷಾಂಬ ಗುಡಿ ಹತ್ತಿರ. ಚಿಲ್ಲರೆ ಇಟ್ಟುಕೊಂಡಿರಿ. 1784ರ ಆ ತೇಗದ ಮಹಡಿಯ ಗೋಡೆಚಿತ್ರ ಒಳಗೆ ಹೋಗಿಯೇ ನೋಡಬೇಕು ಅಂದರೆ, ಸಂಗಮ ಮುಗಿಸಿ ವಾಪಸ್ ಬರುವಾಗ ಆಟೊ ಅಲ್ಲಿ ನಿಲ್ಲಿಸಿ.

ಆಟೊ ಸಂಗಮದಲ್ಲಿ ಸಿಗುತ್ತೆ. ಹತ್ತು ಜನಕ್ಕೆ ಮೂರು ಬೇಕು, ಒಂದರಲ್ಲೇ ತುರುಕ್ತೀವಿ ಅಂದರೆ ಒಪ್ಪಬೇಡಿ. ದರಿಯಾ ದೌಲತ್‌ನಲ್ಲಿ ಅರ್ಧ ಗಂಟೆ ಕಾಯೋದೂ ಸೇರಿ ಬಸ್ ಸ್ಟ್ಯಾಂಡಿಗೆ ಎಷ್ಟು ಅಂತ ಹತ್ತೋ ಮುಂಚೆ ಮಾತಾಡಿ.